ರೇಸ್ ಹಿಂದಿನ ರಾತ್ರಿ ಟೆಂಟಲ್ಲಿ ಯಾಕೆ ಮಲಗ್ತೀರಿ?

ಎಂಟಿಬಿ, ಅಂದರೆ ಮೌಂಟನ್ ಬೈಕ್ ರೇಸ್‌ಗೆ ಹೋಗುತ್ತೇನೆ ಅಂದರೆ ಹೆಚ್ಚಿನವರು ಸುಮ್ಮನೆ ತಲೆಯಾಡಿಸುತ್ತಾರೆ. ಗೆಳೆಯರ ಜೊತೆ ಎರಡು ದಿನ ಅಲ್ಲೇ ಟೆಂಟ್ ಹಾಕಿ ಉಳಿಯುತ್ತೇವೆ ಅಂದ ಕೂಡಲೇ ಪ್ರಶ್ನೆ ಬರುತ್ತದೆ. “ಅಲ್ಲಾ, ಭಾನುವಾರ ಬೆಳಿಗ್ಗೆ ರೇಸ್ ಇಟ್ಟುಕೊಂಡು ಶನಿವಾರ ರಾತ್ರಿ ಯಾರಾದರೂ ನೆಲದ ಮೇಲೆ ಮಲಗ್ತಾರಾ? ಹತ್ತಿರದಲ್ಲೇ ಒಂದು ರೂಮ್ ಮಾಡಿ, ಚೆನ್ನಾಗಿ ನಿದ್ದೆ ಮಾಡಿ, ಸೀದಾ ಸ್ಟಾರ್ಟ್ ಲೈನಿಗೆ ಬರಬಹುದಲ್ವಾ?”

ಬರಬಹುದು. ಹಾಗೆ ಬರುವವರೂ ಇದ್ದಾರೆ, ಅವರಲ್ಲಿ ಗೆಲ್ಲುವವರೂ ಇದ್ದಾರೆ. ಆದರೂ ನನ್ನನ್ನು ಕೇಳಿದರೆ ಟೆಂಟ್ ತನ್ನಿ ಅಂತಲೇ ಹೇಳುತ್ತೇನೆ. ಮಣ್ಣುದಾರಿಯ ರೇಸ್‌ನಲ್ಲಿ ಎಲ್ಲಕ್ಕಿಂತ ಮೊದಲು ಪರಿಚಯ ಆಗಬೇಕಾದ್ದು ಅಲ್ಲಿನ ನೆಲ. ಒಂದು ಸಲ ಸುತ್ತು ಹಾಕಿಬಿಟ್ಟರೆ ಆ ಪರಿಚಯ ಆಗುವುದಿಲ್ಲ. ಸಂಜೆ ಒಂಥರಾ ಇರುತ್ತದೆ, ಬೆಳಿಗ್ಗೆ ಇನ್ನೊಂಥರಾ. ಅದರ ಪಕ್ಕದಲ್ಲೇ ಉಳಿದುಕೊಂಡವರಿಗೆ ಅದು ತಿಳಿಯುತ್ತದೆ. ಜೊತೆಗೆ ನಾಲ್ಕು ಜನ ಗೆಳೆಯರಿದ್ದರೆ ಇನ್ನೂ ಬೇಗ ತಿಳಿಯುತ್ತದೆ.

ರೇಸ್ ನೋಡಿಲ್ಲದವರಿಗಾಗಿ ಎರಡು ಮಾತು. ನಾವು ಹೋಗುವುದು ಕ್ರಾಸ್‌ಕಂಟ್ರಿಗೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಿಂದ ಇದು ಒಲಿಂಪಿಕ್ ಆಟವೂ ಹೌದು. ನಾಲ್ಕರಿಂದ ಆರು ಕಿಲೋಮೀಟರಿನ ಒಂದು ಸುತ್ತು ಇರುತ್ತದೆ. ಅದರಲ್ಲಿ ಏರು, ಇಳಿಜಾರು, ಬೇರು, ಬಂಡೆ ಎಲ್ಲಾ ಬರುತ್ತವೆ. ಅದೇ ಸುತ್ತನ್ನು ಹಲವು ಸಲ ಹೊಡೆಯಬೇಕು. ದೊಡ್ಡ ಮಟ್ಟದ ಸವಾರರಿಗೆ ಒಟ್ಟು ಒಂದೂವರೆ ಗಂಟೆ ಆಸುಪಾಸು ಹಿಡಿಯುತ್ತದೆ, ನಮ್ಮಂಥವರಿಗೆ ಸುತ್ತು ಕಡಿಮೆ ಇಡುತ್ತಾರೆ. ಡಾಂಬರು ರಸ್ತೆಯಲ್ಲಾದರೆ ಒಂದಡಿ ಆಚೆ ಹೋದರೂ ರಸ್ತೆ ರಸ್ತೆಯೇ. ಇಲ್ಲಿ ಒಂದಡಿ ಎಡಕ್ಕೆ ಸರಿದರೆ ಸಡಿಲ ಜಲ್ಲಿ, ಬಲಕ್ಕೆ ಸರಿದರೆ ಒದ್ದೆ ಬೇರು.

1990ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಮೊದಲ ಸಲ ಮೌಂಟನ್ ಬೈಕ್ ವಿಶ್ವ ಚಾಂಪಿಯನ್‌ಶಿಪ್ ನಡೆಸಿತು. ಜಾಗ ಅಮೆರಿಕದ ಕೊಲರಾಡೊ ರಾಜ್ಯದ ಡುರಾಂಗೊ. ಪುರುಷರ ಕ್ರಾಸ್‌ಕಂಟ್ರಿ ಗೆದ್ದವರು ನೆಡ್ ಓವರೆಂಡ್. ಅವರು ನೆಲೆಸಿದ್ದು ಅದೇ ಡುರಾಂಗೊದಲ್ಲಿ. ಅವರ ಕಾಲಿನ ಶಕ್ತಿಯನ್ನು ಕಡಿಮೆ ಮಾಡಿ ಹೇಳುತ್ತಿಲ್ಲ, ಅವರು ಆ ಕಾಲದ ದೊಡ್ಡ ಸವಾರ. ಆದರೆ ದಿನಾ ಓಡಾಡಿದ ಬೆಟ್ಟದಲ್ಲಿ ರೇಸ್ ಹೊಡೆಯುವುದಕ್ಕೂ ನಿನ್ನೆ ಬಂದಿಳಿದ ಬೆಟ್ಟದಲ್ಲಿ ಹೊಡೆಯುವುದಕ್ಕೂ ಎಷ್ಟು ವ್ಯತ್ಯಾಸ ಇರುತ್ತದೆ ಅನ್ನುವುದು ಸೈಕಲ್ ತುಳಿದ ಯಾರಿಗಾದರೂ ಗೊತ್ತು. ನಮ್ಮಂಥವರಿಗೆ ಸಿಗುವುದು ಒಂದು ವಾರಾಂತ್ಯ ಮಾತ್ರ. ಇರುವ ಅಷ್ಟು ಹೊತ್ತನ್ನೂ ಅಲ್ಲೇ ಕಳೆಯುವುದು ಒಳ್ಳೆಯದಲ್ವಾ?

ಶನಿವಾರ ಹಗಲು ಟ್ರ್ಯಾಕ್ ಅಭ್ಯಾಸಕ್ಕೆ ತೆರೆದಿರುತ್ತದೆ. ಸೈಕಲ್ ಮೇಲೆ ಎರಡು ಸುತ್ತು ಹಾಕುತ್ತೇವೆ. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಸಂಜೆಯ ನಡಿಗೆ. ಅಭ್ಯಾಸ ಮುಗಿದು ಟ್ರ್ಯಾಕ್ ಖಾಲಿಯಾದ ಮೇಲೆ ಎಲ್ಲರೂ ಸೇರಿ ಕಷ್ಟದ ಇಳಿಜಾರುಗಳ ಪಕ್ಕದಲ್ಲಿ ನಡೆದುಕೊಂಡು ಹೋಗುತ್ತೇವೆ. ಮೊದಲು ಕೆಳಗೆ ಇಳಿದು, ತಿರುಗಿ ನಿಂತು ಮೇಲಕ್ಕೆ ನೋಡಬೇಕು. ಮೇಲಿನಿಂದ ಇಳಿಯುವಾಗ ಬಂಡೆಯ ತಲೆ ಮಾತ್ರ ಕಾಣುತ್ತದೆ, ಅದರ ಹಿಂದಿನ ಹಳ್ಳ ಕಾಣಲ್ಲ. ಕೆಳಗಿನಿಂದ ನೋಡಿದರೆ ಬಂಡೆ ಎಷ್ಟು ಎತ್ತರ, ಚಕ್ರ ಎಲ್ಲಿ ಬಂದು ಇಳಿಯುತ್ತದೆ, ಬ್ರೇಕ್ ಬಿಡಬೇಕಾದ್ದು ಎಲ್ಲಿ ಅಂತ ಗೊತ್ತಾಗುತ್ತದೆ. ಕಷ್ಟದ ಕಡೆ ಸಾಮಾನ್ಯವಾಗಿ ಎರಡು ದಾರಿ ಬಿಟ್ಟಿರುತ್ತಾರೆ. ಎ ಲೈನ್ ನೇರ, ಬಿ ಲೈನ್ ಸುತ್ತು ಆದರೆ ಸಲೀಸು. ಯಾವುದು ಹಿಡಿಯಬೇಕು ಅನ್ನುವುದನ್ನು ಉಸಿರು ಸರಿಯಾಗಿರುವಾಗಲೇ ತೀರ್ಮಾನ ಮಾಡಿಕೊಳ್ಳಬೇಕು. ಮೂರನೇ ಸುತ್ತಿನ ಏದುಸಿರಿನಲ್ಲಿ ಯೋಚನೆ ಓಡಲ್ಲ.

ಅಲ್ಲಿಂದ ಟೆಂಟಿಗೆ ಬಂದ ಮೇಲೆ ನಡೆಯುವ ಮಾತುಕತೆ ಇದೆಯಲ್ಲ, ಅದನ್ನು ಯಾವ ರೂಮಿಗೂ ನಾನು ಬಿಟ್ಟುಕೊಡಲ್ಲ. ಒಬ್ಬ ಗೆಳೆಯ ಕಡ್ಡಿ ತಗೊಂಡು ಮಣ್ಣಲ್ಲಿ ಗೆರೆ ಎಳೆಯುತ್ತಾನೆ. ತಿರುವಿಗೆ ಒಂದು ಗೆರೆ, ಬಂಡೆ ಜಾಗಕ್ಕೆ ಒಂದು ಚಿಕ್ಕ ಕಲ್ಲು. “ಇಲ್ಲಿ ಎಡಕ್ಕೆ ಹೋದ್ರೆ ಮುಂದಿನ ತಿರುವು ತುಂಬಾ ಬಿಗಿ ಆಗುತ್ತೆ” ಅನ್ನುತ್ತಾನೆ. ಇನ್ನೊಬ್ಬಳು ಕಲ್ಲನ್ನು ಎರಡು ಬೆರಳು ಪಕ್ಕಕ್ಕೆ ಸರಿಸುತ್ತಾಳೆ. “ಇಲ್ಲ ಕಣೋ, ಬಂಡೆ ಇಲ್ಲಿದೆ. ಬಲಗಡೆ ಒಂದು ಚಕ್ರ ಹೋಗುವಷ್ಟು ಗಟ್ಟಿ ಮಣ್ಣಿದೆ, ನೋಡ್ಕೊಂಡು ಬಂದಿದ್ದೀನಿ.” ಅವಳು ಹಗುರ, ಇಳಿಜಾರಿನಲ್ಲಿ ಧೈರ್ಯ ಜಾಸ್ತಿ. ಅವನು ಭಾರ, ಏರಿನಲ್ಲಿ ಕಳೆದ ಸಮಯವನ್ನು ಸಪಾಟು ಜಾಗದಲ್ಲಿ ವಾಪಸ್ ಪಡೆಯುವವನು. ಇಬ್ಬರಿಗೂ ಒಂದೇ ಬಂಡೆ ಬೇರೆ ಬೇರೆಯಾಗಿ ಕಾಣುತ್ತದೆ. ಇಬ್ಬರ ಮಾತೂ ಕೇಳಿಸಿಕೊಂಡ ಮೇಲೆ ನನಗೆ ಆ ಜಾಗ ನಾನೊಬ್ಬನೇ ನೋಡಿದ್ದಕ್ಕಿಂತ ಎರಡರಷ್ಟು ಗೊತ್ತಿರುತ್ತದೆ. ಮಾರನೇ ದಿನ ಆ ತಿರುವಿಗೆ ಬರುವ ಹೊತ್ತಿಗೆ ಕಿವಿಯಲ್ಲಿ ಅವಳ ಮಾತೇ ಇರುತ್ತದೆ, ಚಕ್ರ ತಾನಾಗಿ ಬಲಕ್ಕೆ ಹೋಗುತ್ತದೆ.

ಇನ್ನು ರಾತ್ರಿಯ ವಿಷಯ. ನಮ್ಮ ಟೈರ್‌ಗಳು ಟ್ಯೂಬ್‌ಲೆಸ್, ಒಳಗೆ ಸೀಲಂಟ್ ಅನ್ನುವ ತೂತು ಮುಚ್ಚುವ ದ್ರವ ಹಾಕಿರುತ್ತೇವೆ. ಹಾಗಾಗಿ ಗಾಳಿ ಕಡಿಮೆ ಇಟ್ಟು ಓಡಿಸಬಹುದು. ಸವಾರನ ತೂಕ, ಟೈರಿನ ಅಗಲ ನೋಡಿಕೊಂಡು ಸುಮಾರು 20ರಿಂದ 25 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ). ಗಾಳಿ ಕಡಿಮೆ ಇದ್ದರೆ ಟೈರ್ ನೆಲವನ್ನು ಅಪ್ಪಿಕೊಳ್ಳುತ್ತದೆ. ತೀರಾ ಕಡಿಮೆಯಾದರೆ ಕಲ್ಲು ಸೀದಾ ರಿಮ್ಮಿಗೆ ಬಡಿಯುತ್ತದೆ. ಈ ಎರಡರ ನಡುವಿನ ಅಂತರ ಎರಡು ಮೂರು ಪಿಎಸ್‌ಐ, ಅಷ್ಟೇ. ಮಧ್ಯಾಹ್ನದ ಬಿಸಿಲಲ್ಲಿ ಸರಿಯಾಗಿ ಗಾಳಿ ಹೊಡೆದಿಟ್ಟಿರುತ್ತೀರಿ. ರಾತ್ರಿ ಹೊರಗೆ ಹತ್ತು ಡಿಗ್ರಿ ಇಳಿದರೆ, ಟೈರಿನಿಂದ ಒಂದು ಚೂರೂ ಗಾಳಿ ಸೋರದಿದ್ದರೂ ಗೇಜ್ ಒಂದು ಪಿಎಸ್‌ಐಗಿಂತ ಸ್ವಲ್ಪ ಜಾಸ್ತಿಯೇ ಕಡಿಮೆ ತೋರಿಸುತ್ತದೆ. ಗಾಳಿ ತಣ್ಣಗಾದಂತೆ ಅದರ ಒತ್ತಡ ಇಳಿಯುವುದರಿಂದ ಹೀಗೆ. ಸೈಕಲ್ ನಮ್ಮ ಜೊತೆ ಹೊರಗೇ ಇದ್ದರೆ ಬೆಳಿಗ್ಗೆ ಗೇಜ್ ಹೇಳುವುದು ಅಲ್ಲಿನ ಹವೆಗೆ ತಕ್ಕ ಲೆಕ್ಕ. ಬೆಚ್ಚಗಿನ ಕೋಣೆಯಲ್ಲಿ ಗಾಳಿ ನೋಡಿ ಹೊರಗೆ ಬಂದವರು ಸ್ಟಾರ್ಟ್ ಹತ್ತಿರ ಮತ್ತೆ ಪಂಪ್ ಹುಡುಕಬೇಕು.

ಇಬ್ಬನಿಯದ್ದೂ ಹಾಗೆಯೇ. ಸಂಜೆ ಒಣಗಿದ್ದ ಬೇರು ಬೆಳಿಗ್ಗೆ ಸಾಬೂನು ಹಚ್ಚಿದಂತೆ ಜಾರುತ್ತದೆ. ಮರದ ಹಲಗೆ ಹಾಸಿದ ಸೇತುವೆ ಇದ್ದರಂತೂ ಕೇಳಲೇಬೇಡಿ. ಒದ್ದೆ ಬೇರನ್ನು ಓರೆಯಾಗಿ ಅಲ್ಲ, ಲಂಬ ಕೋನದಲ್ಲಿ ದಾಟಬೇಕು. ಅದರ ಮೇಲೆ ಹ್ಯಾಂಡಲ್ ತಿರುಗಿಸಬಾರದು, ಬ್ರೇಕ್ ಮುಟ್ಟಬಾರದು. ಇದೆಲ್ಲ ಎಲ್ಲರಿಗೂ ಗೊತ್ತಿರುವುದೇ. ಆದರೆ ಇವತ್ತು ಯಾವ ಬೇರು ಒದ್ದೆ, ಯಾವುದು ಒಣಗಿದೆ? ಟೆಂಟಿನಿಂದ ಎದ್ದು ಚಪ್ಪಲಿಯಲ್ಲೇ ಟ್ರ್ಯಾಕ್ ಪಕ್ಕ ಒಂದು ಸುತ್ತು ಓಡಾಡಿ ಬಂದವರಿಗೆ ಅದು ಗೊತ್ತಿರುತ್ತದೆ. ರಾತ್ರಿ ಟೆಂಟಿನ ಮೇಲೆ ಮಳೆ ಸದ್ದು ಕೇಳಿದರೆ ಆಗಲೇ ಯಾವ ಟೈರ್ ಅನ್ನುವ ಚರ್ಚೆ ಶುರುವಾಗಿರುತ್ತದೆ. ಕೆಸರಿಗೆ ಮೇಲಿನ ರಬ್ಬರ್ ಉಬ್ಬುಗಳು ದೂರ ದೂರ ಇರುವ ಟೈರ್ ಬೇಕು, ಇಲ್ಲದಿದ್ದರೆ ಮಣ್ಣು ಕಚ್ಚಿಕೊಂಡು ಟೈರ್ ನುಣ್ಣಗಾಗಿಬಿಡುತ್ತದೆ.

“ನಿದ್ದೆ?” ಅಂತ ಕೇಳುತ್ತೀರಿ. ನಿದ್ದೆ ಬರುತ್ತದೆ, ಟೆಂಟ್ ಸರಿಯಾಗಿ ಹಾಕಿದ್ದರೆ. ತಗ್ಗಿನಲ್ಲಿ ಹಾಕಬೇಡಿ, ಮಳೆ ಬಂದರೆ ನೀರು ಅಲ್ಲಿಗೇ ಬರುತ್ತದೆ, ತಣ್ಣನೆ ಗಾಳಿಯೂ ಅಲ್ಲೇ ಇಳಿದು ಕೂರುತ್ತದೆ. ಸ್ವಲ್ಪ ಇಳಿಜಾರಿದ್ದರೆ ತಲೆ ಮೇಲ್ಗಡೆಗೆ ಇರಲಿ. ಚಳಿ ಅಂತ ಟೆಂಟಿನ ಕಿಂಡಿಗಳನ್ನೆಲ್ಲ ಮುಚ್ಚಿದರೆ ಉಸಿರಿನ ತೇವವೇ ಒಳಗಿನ ಬಟ್ಟೆಗೆ ಹತ್ತಿ ಬೆಳಿಗ್ಗೆ ಮುಖದ ಮೇಲೆ ತೊಟ್ಟಿಕ್ಕುತ್ತದೆ. ಎಲ್ಲರೂ ದುಡ್ಡು ಹಾಕುವುದು ಸ್ಲೀಪಿಂಗ್ ಬ್ಯಾಗಿಗೆ. ಆದರೆ ಮೈಭಾರಕ್ಕೆ ಬ್ಯಾಗಿನ ಕೆಳಭಾಗ ಅಪ್ಪಚ್ಚಿಯಾಗಿ ಬೆಚ್ಚಗಿಡುವ ಶಕ್ತಿ ಕಳೆದುಕೊಳ್ಳುತ್ತದೆ. ನೆಲದ ತಂಪು ತಡೆಯುವುದು ಕೆಳಗಿನ ಮ್ಯಾಟ್. ಆದ್ದರಿಂದ ಮೊದಲು ಒಳ್ಳೆ ಮ್ಯಾಟ್ ತಗೊಳ್ಳಿ. ಪಕ್ಕದ ಟೆಂಟಿನ ಗೊರಕೆಗೆ ಕಿವಿಗೆ ಹಾಕುವ ಇಯರ್‌ಪ್ಲಗ್ ಇದೆ. ರೇಸ್ ಹಿಂದಿನ ರಾತ್ರಿ ಹಂಸತೂಲಿಕೆಯ ಮೇಲೂ ಎಷ್ಟೋ ಜನರಿಗೆ ನಿದ್ದೆ ಹತ್ತಲ್ಲ, ಮನಸ್ಸು ಟ್ರ್ಯಾಕ್ ಮೇಲೇ ಓಡುತ್ತಿರುತ್ತದೆ. ಅದಕ್ಕೇ ಅನುಭವ ಇರುವವರು ಗುರುವಾರ, ಶುಕ್ರವಾರದ ನಿದ್ದೆ ಚೆನ್ನಾಗಿರಲಿ ಅನ್ನುತ್ತಾರೆ.

ಗೆಳೆಯರು ಯಾಕೆ ಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ರೇಸ್ ನಡುವೆ ಎಲ್ಲಿ ಬೇಕಾದರೂ ಹೊರಗಿನವರ ಸಹಾಯ ತಗೊಳ್ಳುವಂತಿಲ್ಲ. ಗೊತ್ತು ಮಾಡಿದ ಫೀಡ್ ಝೋನಿನಲ್ಲಿ ಮಾತ್ರ ನೀರು, ತಿನಿಸು ಕೊಡಬಹುದು. ಕೊಡುವುದೂ ಒಂದು ಕಲೆ. ಬಾಟಲಿಯ ನಡು ಹಿಡಿದರೆ ಸವಾರನ ಕೈಗೆ ಜಾಗವೇ ಇರಲ್ಲ. ಮೇಲಿನ ಮುಚ್ಚಳವನ್ನು ಎರಡು ಮೂರು ಬೆರಳಲ್ಲಿ ಸಡಿಲವಾಗಿ ಹಿಡಿದು, ತೋಳು ಚಾಚಿ ನಿಲ್ಲಬೇಕು. ಬಾಟಲಿ ಅವರ ಕೈಗೆ ತಾಗಿದ ಕ್ಷಣವೇ ಬೆರಳು ಬಿಡಬೇಕು. ಇದನ್ನು ಶನಿವಾರ ಸಂಜೆ ಟೆಂಟುಗಳ ನಡುವೆ ಅಭ್ಯಾಸ ಮಾಡುತ್ತೇವೆ. ನಮ್ಮ ವಿಭಾಗಗಳು ಬೇರೆ ಬೇರೆ, ರೇಸ್ ಸಮಯವೂ ಬೇರೆ ಬೇರೆ. ಬೆಳಿಗ್ಗೆ ಆ ಕಲ್ಲು ಸರಿಸಿದ ಗೆಳತಿಗೆ ನಾನು ಬಾಟಲಿ ಹಿಡಿದು ನಿಂತಿದ್ದರೆ ಮಧ್ಯಾಹ್ನ ನನಗೆ ಅವಳು. ತನ್ನ ರೇಸ್ ಮುಗಿಸಿ, ಮುಖದ ಧೂಳೂ ಒರೆಸಿಕೊಳ್ಳದೆ ಏರಿನ ತುದಿಗೆ ಓಡಿ ಬಂದು “ಮುಂದಿನವನು ಹತ್ತೇ ಸೆಕೆಂಡ್! ಸುಸ್ತಾಗಿದ್ದಾನೆ, ಹಿಡಿ!” ಅಂತ ಕೂಗುತ್ತಾಳಲ್ಲ, ಆ ಕೂಗಿಗೆ ಕಾಲಿಗೆ ಬರುವ ಬಲವನ್ನು ನಾನು ಯಾವ ಎನರ್ಜಿ ಜೆಲ್ ಪ್ಯಾಕೆಟ್ಟಿನಲ್ಲೂ ಕಂಡಿಲ್ಲ.

ಈ ಆಟ ಹುಟ್ಟಿದ್ದೇ ಗೆಳೆಯರ ಗುಂಪಿನಿಂದ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1976ರ ಅಕ್ಟೋಬರ್ 21ರಂದು ಒಂದಷ್ಟು ಗೆಳೆಯರು ಹಳೇ ದಪ್ಪ ಟೈರಿನ ಸೈಕಲ್‌ಗಳನ್ನು ಬೆಟ್ಟದ ಮೇಲೆ ಒಯ್ದರು. ರೀಪ್ಯಾಕ್ ಅನ್ನುವ ಕಚ್ಚಾ ರಸ್ತೆಯಲ್ಲಿ ಒಬ್ಬೊಬ್ಬರಾಗಿ ಇಳಿದು, ಯಾರು ವೇಗ ಅಂತ ಗಡಿಯಾರ ಹಿಡಿದು ನೋಡಿದರು. ಮೂರು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ದೂರ, ಸುಮಾರು 400 ಮೀಟರ್ ಇಳಿತ. ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಹಳೇ ಬ್ರೇಕ್, ಕೆಳಗೆ ಬರುವಷ್ಟರಲ್ಲಿ ಕಾದು ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಗ್ರೀಸ್ ತುಂಬಬೇಕಿತ್ತು. ಚಾರ್ಲಿ ಕೆಲ್ಲಿ ರೇಸ್ ನಡೆಸುತ್ತಿದ್ದರು. ಗ್ಯಾರಿ ಫಿಶರ್, ಜೋ ಬ್ರೀಜ್ ಇಳಿಯುತ್ತಿದ್ದರು. ಮುರಿದದ್ದನ್ನು ರಿಪೇರಿ ಮಾಡುತ್ತಾ ಮಾಡುತ್ತಾ ಬ್ರೀಜ್ 1977ರಲ್ಲಿ ಬೆಟ್ಟಕ್ಕೆಂದೇ ಹೊಸ ಫ್ರೇಮ್ ಕಟ್ಟಿದರು. ಇವತ್ತು ನಾವು ತುಳಿಯುವ ಸೈಕಲ್‌ಗಳ ಹಿಂದೆ ಆ ಗುಂಪಿನ ಮಾತುಕತೆ, ಪೈಪೋಟಿ ಎಲ್ಲಾ ಇದೆ.

1990ರ ದಶಕದಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಶುರುವಾದ 24 ಗಂಟೆ ರಿಲೇ ರೇಸ್‌ನಲ್ಲಂತೂ ಕ್ಯಾಂಪ್ ಇಲ್ಲದೆ ರೇಸೇ ಇಲ್ಲ. ತಂಡದಲ್ಲಿ ಒಬ್ಬರು ಟ್ರ್ಯಾಕ್ ಮೇಲೆ, ಉಳಿದವರು ಟೆಂಟಿನಲ್ಲಿ. ನಡುರಾತ್ರಿ ಬ್ಯಾಟನ್ ಕೊಡಲು ಬರುವವರಿಗಾಗಿ ಹೆಡ್‌ಲ್ಯಾಂಪ್ ಕಟ್ಟಿಕೊಂಡು ಕಾಯಬೇಕು. ಅಂಥದ್ದಕ್ಕೆ ಯಾರಾದರೂ ಕರೆದರೆ ಬಿಡಬೇಡಿ.

ರೂಮ್ ಬೇಕಾದವರೂ ಇದ್ದಾರೆ, ಅದನ್ನೂ ಹೇಳಬೇಕು. ಬೆನ್ನುನೋವಿನವರು, ಪುಟ್ಟ ಮಕ್ಕಳನ್ನು ಕರೆತರುವವರು, ಆರೇಳು ದಿನದ ಸ್ಟೇಜ್ ರೇಸ್‌ಗೆ ಹೋಗುವವರು ದಯವಿಟ್ಟು ಹಾಸಿಗೆ ಮೇಲೆ ಮಲಗಿ. ದಿನದಿಂದ ದಿನಕ್ಕೆ ಸುಸ್ತು ಕೂಡುತ್ತಾ ಹೋಗುವಾಗ ನೆಟ್ಟಗೆ ನಿದ್ದೆ ಬೇಕೇ ಬೇಕು.

ಉಳಿದವರು ಬರುವುದಾದರೆ ಶನಿವಾರ ಬೆಳಿಗ್ಗೆಯೇ ಬಂದುಬಿಡಿ. ಮೊದಲು ನಂಬರ್ ಪ್ಲೇಟ್ ತಗೊಳ್ಳಿ, ಆಮೇಲೆ ಟೆಂಟ್, ಆಮೇಲೆ ಟ್ರ್ಯಾಕ್. ಗುಂಪಿಗೆ ಒಂದು ನಿಲ್ಲಿಸಿ ಹೊಡೆಯುವ ಪಂಪ್, ಒಂದೇ ಗೇಜ್ ಸಾಕು. ಬೇರೆ ಬೇರೆ ಗೇಜ್ ಬೇರೆ ಬೇರೆ ಲೆಕ್ಕ ತೋರಿಸುತ್ತವೆ. ಟೈರ್ ತೂತಿಗೆ ತುರುಕುವ ಪ್ಲಗ್, ಒಂದು ಚೈನ್ ಕೊಂಡಿ, ಹಿಂದಿನ ಗೇರ್ ಬದಲಿಸುವ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಮಾತ್ರ ಪ್ರತಿಯೊಬ್ಬರೂ ತಮ್ಮದೇ ತರಬೇಕು. ಹ್ಯಾಂಗರ್ ಒಂದೊಂದು ಸೈಕಲ್ಲಿಗೆ ಒಂದೊಂದು ಥರ, ಇನ್ನೊಬ್ಬರದ್ದು ನಿಮಗೆ ಕೂರಲ್ಲ.