ವಾಚಿನ ಬೆನ್ನಿನ ಚಿತ್ರ ಬಿಡಿಸೋ ಕೆಲಸ: ಆರನೇ ವಾರ

ಹೋದ ವಾರ ಎಚ್‌ಎಂಟಿ ಜನತಾ ವಾಚಿನ ಒಳಭಾಗದ ಪೆನ್ಸಿಲ್ ಚಿತ್ರ ಮುಗಿಸಿದೆ. ಕೈ ಪಳಗಲಿ ಅಂತ ಅದನ್ನು ಮೊದಲು ಎತ್ತಿಕೊಂಡಿದ್ದೆ. ಈ ವಾರದಿಂದ ದುಬಾರಿ ಸರಕು. ಮೇಜಿನ ಮೇಲೆ ಎರಡು ಒಮೆಗಾ ವಾಚುಗಳಿವೆ. ಒಂದು ನನ್ನದೇ, 1950ರ ದಶಕದ್ದು, ಒಳಗಿರೋದು 265 ಅನ್ನೋ ಮೂವ್‌ಮೆಂಟ್, ಅಂದ್ರೆ ವಾಚನ್ನು ಓಡಿಸೋ ಯಂತ್ರ. ಇನ್ನೊಂದು ಗೆಳೆಯನದು, ಅದರೊಳಗೆ 8900 ಮೂವ್‌ಮೆಂಟ್. ಅದನ್ನು ಬಿಚ್ಚುವಂತಿಲ್ಲ, ಬೆನ್ನಿನ ಗಾಜಿನಿಂದಲೇ ನೋಡಬೇಕು. ಭಾನುವಾರ ವಾಪಸ್ ಕೊಡಬೇಕು ಬೇರೆ.

ಹಳೆಯದು ನಾಲ್ಕು ಸಂಜೆಯಲ್ಲಿ ಮುಗಿಯಿತು. ಹಿಂದಿನ ಮುಚ್ಚಳ ಗಟ್ಟಿ ಲೋಹದ್ದು. ತೆಗೆದರೆ ಒಳಗೆಲ್ಲ ತಾಮ್ರದ ಬಣ್ಣ. ಪಟ್ಟೆ ಇಲ್ಲ, ಚಿತ್ತಾರ ಇಲ್ಲ. ರಿಪೇರಿಯವನನ್ನು ಬಿಟ್ಟು ಇನ್ಯಾರೂ ನೋಡಲ್ಲ ಅಂತ ಗೊತ್ತಿದ್ದೇ ಮಾಡಿದ್ದು, ಅಲ್ವಾ? ಒಮೆಗಾ 1939ರಲ್ಲಿ ಶುರು ಮಾಡಿದ 30 ಮಿ.ಮೀ. ಅಗಲದ ಮೂವ್‌ಮೆಂಟ್ ಕುಟುಂಬದ ಕುಡಿ ಇದು. ಅಷ್ಟು ಅಗಲ ಇರುವುದರಿಂದ, ಅತ್ತಿತ್ತ ತೂಗಿ ಸಮಯ ಅಳೆಯೋ ಬ್ಯಾಲೆನ್ಸ್ ಚಕ್ರಕ್ಕೂ ಸ್ಪ್ರಿಂಗಿನ ಡಬ್ಬಿಗೂ ಧಾರಾಳ ಜಾಗ. ಕೀಲಿ ಕೊಟ್ಟರೆ ಉಕ್ಕಿನ ಎರಡು ಹಲ್ಲುಚಕ್ರ ಒಂದನ್ನೊಂದು ಕಚ್ಚಿ ತಿರುಗುತ್ತವೆ. ಪುಟ್ಟ ಕೊಕ್ಕೆ ಕಟಕಟ ಅಂತ ಹಲ್ಲಿನಿಂದ ಹಲ್ಲಿಗೆ ಜಿಗಿಯುತ್ತದೆ. ಅಲ್ಲಿಂದ ಹೊರಟ ಶಕ್ತಿ ಬ್ಯಾಲೆನ್ಸ್ ತನಕ ಹೋಗುವ ದಾರಿಯನ್ನು ಪೆನ್ಸಿಲ್ ತುದಿಯಲ್ಲೇ ಹಿಂಬಾಲಿಸಬಹುದು. ಗಂಟೆಗೆ 18,000 ಬಡಿತ, ಅಂದ್ರೆ ಸೆಕೆಂಡಿಗೆ ಐದು. ಒಂದು ಸ್ಕ್ರೂವಿನ ಸೀಳನ್ನು ಹಿಂದೆ ಯಾರೋ ಅಳತೆ ತಪ್ಪಿದ ಸ್ಕ್ರೂಡ್ರೈವರ್ ಹಾಕಿ ಕೆರೆದಿದ್ದಾರೆ. ನೋಡಿ ಬೇಜಾರಾಯಿತು. ಅದನ್ನೂ ಹಾಗೇ ಬಿಡಿಸಿದೆ.

8900 ನನ್ನ ರಬ್ಬರನ್ನೇ ಸವೆಸಿಬಿಟ್ಟಿತು. ಯಂತ್ರವಾಗಿ ನನ್ನದು ಅದರ ಮುಂದೆ ಏನೂ ಅಲ್ಲ. ಎರಡು ಸ್ಪ್ರಿಂಗ್ ಡಬ್ಬಿ, 60 ಗಂಟೆ ಓಟ, ಸಿಲಿಕಾನ್ ಬ್ಯಾಲೆನ್ಸ್ ಸ್ಪ್ರಿಂಗ್, 15,000 ಗಾಸ್ (ಕಾಂತಕ್ಷೇತ್ರದ ಅಳತೆ) ಅಯಸ್ಕಾಂತಕ್ಕೂ ಜಗ್ಗಲ್ಲ. ಕಪ್ಪು ಬ್ಯಾಲೆನ್ಸ್ ಚಕ್ರ ಓಡಾಡುವುದನ್ನು ಸುಮ್ನೆ ನೋಡುತ್ತಾ ಕಾಫಿ ಆರಿಸಿಕೊಂಡಿದ್ದೇನೆ. ತಕರಾರು ಇರುವುದು ಪಟ್ಟೆಗಳ ಬಗ್ಗೆ. ನಡುವಿನಿಂದ ಬೀಸಣಿಗೆಯ ಹಾಗೆ ಬಾಗಿ ಹರಡುವ ಆ ಗೆರೆಗಳು ಒಂದು ಬ್ರಿಡ್ಜ್‌ನಿಂದ (ಚಕ್ರಗಳನ್ನು ಹಿಡಿದಿಡೋ ಲೋಹದ ತುಂಡು) ಇನ್ನೊಂದಕ್ಕೆ ಹಾಗೇ ದಾಟಿಕೊಂಡು ಹೋಗುತ್ತವೆ. ಯಾವ ಭಾಗ ಎಲ್ಲಿ ಮುಗಿಯಿತು ಅಂತ ಕಣ್ಣಿಗೆ ಸಿಗಲ್ಲ. ವಾಚನ್ನು ಚೂರು ವಾಲಿಸಿದರೆ ಕಪ್ಪಿದ್ದ ಗೆರೆ ಬೆಳ್ಳಗಾಗುತ್ತದೆ. ಸೀರೆಯ ಜರಿ ಎಣಿಸಿದ ಹಾಗೆ. ಜಾಸ್ತಿ ಚೆಂದ ಮಾಡಲು ಹೋಗಿ ಮೈಕಟ್ಟನ್ನೇ ಮುಚ್ಚಿದ್ದಾರೆ ಅನಿಸಿತು.

ಹಾಗಂತ ಹೊಸದೆಲ್ಲ ಹೀಗೇ ಅಲ್ಲ. ಸ್ವಿಟ್ಜರ್ಲೆಂಡಿನ ವಾಚ್ ತಯಾರಕ ಫಿಲಿಪ್ ಡ್ಯೂಫೂರ್ 2000ದಲ್ಲಿ ಹೊರತಂದ ಸಿಂಪ್ಲಿಸಿಟಿ ಅನ್ನೋ ವಾಚಿನ ಫೋಟೋ ಮೇಜಿನ ಎದುರೇ ಅಂಟಿಸಿದ್ದೇನೆ. ಅದರಲ್ಲೂ ಪಟ್ಟೆ ಇದೆ. ಆದರೆ ಪ್ರತಿ ಬ್ರಿಡ್ಜ್‌ನ ಅಂಚು ಇಳಿಜಾರಾಗಿ, ಕನ್ನಡಿಯಂತೆ ಹೊಳೆದು, ಇದು ಇಲ್ಲಿಗೆ ಮುಗಿಯಿತು ಅಂತ ಹೇಳುತ್ತದೆ. ಒಳಮುಖದ ಮೂಲೆಗಳಂತೂ ಚೂಪು. ತಿರುಗುವ ಕಟರ್ ಅಲ್ಲಿ ದುಂಡಗಿನ ಗುರುತು ಬಿಡುತ್ತದೆ. ಅಂಥ ಮೂಲೆ ಬೇಕಾದರೆ ಕೈಯಲ್ಲಿ ಅರ ಹಿಡಿದೇ ತೀಡಬೇಕು.

ನಿನ್ನೆ ಉಪಾಯ ಬದಲಿಸಿದೆ. 8900ರ ಪಟ್ಟೆಗಳನ್ನು ಬಿಟ್ಟು ಅಂಚುಗಳನ್ನಷ್ಟೇ ಗೀಚಿದೆ. ಆಗ ಬ್ಯಾಲೆನ್ಸಿನ ಸುತ್ತಲಿನ ಜಾಗ ಚೆನ್ನಾಗಿ ಬಂತು. ಉಳಿದರ್ಧದ ಮೇಲೆ ರೋಟರ್, ಅಂದ್ರೆ ಕೈ ಆಡಿದಾಗ ತಿರುಗಿ ತಾನೇ ಕೀಲಿ ಕೊಡೋ ತೂಕದ ತಟ್ಟೆ, ಬಂದು ಕೂತಿದೆ. ವಾಚನ್ನು ತಿರುಗಿಸಿ ಅದನ್ನು ಆಚೆಗೆ ಜಾರಿಸಿದರೆ ಈಗಾಗಲೇ ಬಿಡಿಸಿದ ಅರ್ಧ ಮುಚ್ಚಿಹೋಗುತ್ತದೆ. ಗೆಳೆಯನಿಗೆ ಫೋನ್ ಮಾಡಿ ಇನ್ನೊಂದು ವಾರ ಕೇಳಿದ್ದೇನೆ.