ಮೊದಲ ಸುತ್ತಿನ ಮುನ್ನಡೆ ಮತ್ತು ಎರಡು ಕಿಲೋ ಕಾಫಿಪುಡಿ

ನಮ್ಮ ಭಾವ ಅರಸೀಕೆರೆಯಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದಾರೆ. ಚುನಾವಣೆ ಬಂತೆಂದರೆ ಅಂಗಡಿಯನ್ನು ಹುಡುಗನ ಕೈಗೆ ಬಿಟ್ಟು ಎಣಿಕೆ ಏಜೆಂಟಾಗಿ ಹೋಗಿ ಕೂರುತ್ತಾರೆ. ಅಮೆರಿಕವನ್ನು ಟಿವಿಯಲ್ಲಿ ಬಿಟ್ಟರೆ ಅವರು ಕಂಡವರಲ್ಲ. ಆದರೂ 2020ರಲ್ಲಿ ಅಲ್ಲಿನ ಅಧ್ಯಕ್ಷ ಚುನಾವಣೆಗೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಯಾರೆಂಬ ಬಾಜಿಯಲ್ಲಿ, ಆ ಆಯ್ಕೆ ಆಗ ಮೊದಲು ಶುರುವಾಗುತ್ತಿದ್ದ ಅಯೋವಾ ರಾಜ್ಯದಲ್ಲೇ ವಾಸವಾಗಿರುವ ನಾನು ಅವರಿಗೆ ಸೋತೆ.

ನಾನಿರುವುದು ಡೆಮಾಯ್ನ್ ನಗರದ ಪಕ್ಕದ ಬಡಾವಣೆಯಲ್ಲಿ. ಈ ಊರಿನ ಅರ್ಧ ಜನರಂತೆ ನನ್ನದೂ ವಿಮಾ ಕಂಪನಿಯ ಕೆಲಸ. ಯಾರಿಗೆ ಯಾವಾಗ ಏನು ಆದೀತು ಎಂದು ಲೆಕ್ಕ ಹಾಕುವುದಕ್ಕೇ ಸಂಬಳ ಕೊಡುತ್ತಾರೆ. ಪೌರತ್ವ ಸಿಕ್ಕ ಮೇಲೆ ಮೊದಲ ಬಾರಿ ಕಾಕಸ್‌ಗೆ, ಅಂದರೆ ಊರಿನ ಜನ ಸೇರಿ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಸಭೆಗೆ, ಹೋದದ್ದು 2020ರ ಫೆಬ್ರವರಿ 3ರ ಸಂಜೆ.

ಅದು ನಾವು ಬಲ್ಲ ಮತದಾನವಲ್ಲ. ಶಾಲೆಯ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಮೂಲೆಗೊಬ್ಬ ಅಭ್ಯರ್ಥಿಯ ಫಲಕ. ನಿಮಗೆ ಬೇಕಾದವರ ಮೂಲೆಗೆ ಹೋಗಿ ಎಲ್ಲರೂ ಕಾಣುವಂತೆ ನಿಲ್ಲಬೇಕಿತ್ತು, ಸರದಿ ಬಂದಾಗ ನಿಮ್ಮ ಸಂಖ್ಯೆಯನ್ನು ಗಟ್ಟಿಯಾಗಿ ಕೂಗಬೇಕಿತ್ತು. ಪೀಟ್ ಬುಟಿಜೆಜ್ ಮೂಲೆಯಲ್ಲಿದ್ದ ನಾನು "ಅರವತ್ತೊಂದು" ಎಂದು ಕೂಗಿದೆ. ಶೇ 15ರಷ್ಟು ಜನ ಸೇರದ ಗುಂಪು ಅಲ್ಲಿಗೆ ಅನೂರ್ಜಿತ. ಅದರಲ್ಲಿದ್ದವರು ಬೇರೆ ಮೂಲೆಗೆ ಹೋಗಬಹುದಿತ್ತು, ಇಲ್ಲವೇ ಮನೆಗೆ. ನಮ್ಮಲ್ಲಿ ಸೇರಿದ್ದವರು 298, ಬೇಕಾದದ್ದು 45. ಜೋ ಬೈಡನ್ ಮೂಲೆಯಲ್ಲಿ ಎಣಿಕೆ 37ಕ್ಕೆ ನಿಂತಿತು. ಹೆಚ್ಚಿನವರು ವಯಸ್ಸಾದವರು, ಕೋಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಮಡಚುವ ಕುರ್ಚಿಗಳಲ್ಲಿ ಕೂತಿದ್ದರು. ಅವರನ್ನು ಸೆಳೆಯಲು ಏಮಿ ಕ್ಲೋಬುಚಾರ್ ಕಡೆಯ ಹೆಂಗಸೊಬ್ಬರು ಮನೆಯಲ್ಲಿ ಮಾಡಿದ ಬಿಸ್ಕತ್ತಿನ ಡಬ್ಬ ಹಿಡಿದು ಬಂದರು. ನಾನೂ ಹೋಗಿ ಒಬ್ಬ ಅಜ್ಜನಿಗೆ ಆರೋಗ್ಯ ವಿಮೆಯ ಬಗ್ಗೆ ಹತ್ತು ನಿಮಿಷ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ತಲೆಯಾಡಿಸಿ, ಬಿಸ್ಕತ್ತಿನ ಕಡೆಗೆ ನಡೆದರು.

ಬೈಡನ್ ಕಥೆ ಮುಗಿಯಿತು ಎಂದು ಆ ರಾತ್ರಿಯೇ ಭಾವನಿಗೆ ಫೋನ್ ಮಾಡಿದೆ. ಅವರು ಸೋತರೆ ನನಗೆ ಎರಡು ಕಿಲೋ ಸಕಲೇಶಪುರದ ಕಾಫಿಪುಡಿ, ನಾನು ಸೋತರೆ ಅವರಿಗೊಂದು ಕೈಗಡಿಯಾರ. ಫಲಿತಾಂಶ ಕಳಿಸುವ ಹೊಸ ಆ್ಯಪ್ ಕೈಕೊಟ್ಟು ಮರುದಿನ ಮಧ್ಯಾಹ್ನದವರೆಗೂ ರಾಜ್ಯದ ಒಂದು ಅಂಕಿಯೂ ಹೊರಬರಲಿಲ್ಲ. ಬಂದಾಗ ನಾನು ಹೇಳಿದಂತೆಯೇ ಇತ್ತು: ಬುಟಿಜೆಜ್ ಕೂದಲೆಳೆಯಷ್ಟು ಮುಂದೆ, ಬೆನ್ನಿಗೇ ಬರ್ನಿ ಸ್ಯಾಂಡರ್ಸ್, ಬೈಡನ್ ನಾಲ್ಕನೆಯವರು. ವಾರದ ನಂತರ ಮುಂದಿನ ರಾಜ್ಯ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯವರು, ಶೇ 8.4. ಭಾವ ಕೇಳಿದ್ದು ಒಂದೇ ಪ್ರಶ್ನೆ:

"ಅಲ್ಲಯ್ಯಾ, ಒಬಾಮಾ ಜನರ ಪೆಟ್ಟಿಗೆ ತೆಗೆದರೇನು?"

ಎಣಿಕೆ ಕೇಂದ್ರದಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲ ಸುತ್ತಿನಲ್ಲಿ ಬಾಣಾವರದ ಕಡೆಯ ಬೂತುಗಳು ಬಂದರೆ ಒಬ್ಬನಿಗೆ ಮುನ್ನಡೆ, ಗಂಡಸಿಯದು ಬಂದರೆ ಇನ್ನೊಬ್ಬನಿಗೆ. ಮೂರನೇ ಸುತ್ತಿಗೇ ಹೊರಗೆ ಪಟಾಕಿ ಹಚ್ಚುವವರನ್ನು ನೋಡಿ ಒಳಗಿನ ಏಜೆಂಟರು ನಗುತ್ತಾರೆ. ಯಾವ ಹೋಬಳಿ ಮುಗಿಯಿತು, ಯಾವುದು ಬಾಕಿ ಎಂಬ ಚೀಟಿ ಅವರ ಜೇಬಿನಲ್ಲೇ ಇರುತ್ತದೆ. ಆ ಅಂಗಳದಲ್ಲಿ ನಾನು 298 ತಲೆ ಎಣಿಸಿದ್ದೆನೇ ಹೊರತು, ಅಷ್ಟರಲ್ಲಿ ಬಿಳಿಯರಲ್ಲದವರು ನಾನೂ ಸೇರಿ ಆರೇಳು ಜನ ಎಂಬುದು ತಲೆಗೆ ಹೋಗಿರಲಿಲ್ಲ. ಇಷ್ಟಕ್ಕೂ ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳಲ್ಲಿ ಅಯೋವಾದವರು ಬರೀ 41. ಗೆಲ್ಲಲು ಬೇಕಾದದ್ದು 1,991.

ದಕ್ಷಿಣ ಕೆರೊಲಿನಾದ ಡೆಮಾಕ್ರಟಿಕ್ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಕಪ್ಪುಜನರು. ಅಲ್ಲಿನ ಹಿರಿಯ ಸಂಸದ ಜಿಮ್ ಕ್ಲೈಬರ್ನ್ ಫೆಬ್ರವರಿ 26ರಂದು ಬೈಡನ್ ಪರ ನಿಂತರು. 29ರಂದು ಬೈಡನ್‌ಗೆ ಶೇ 48ಕ್ಕೂ ಮಿಕ್ಕಿ ಮತ ಬಿತ್ತು. ಮರುದಿನವೇ ನಮ್ಮ ಬುಟಿಜೆಜ್ ಕಣದಿಂದ ಹೊರಗೆ, ಅದರ ಮರುದಿನ ಬಿಸ್ಕತ್ತಿನ ಕ್ಲೋಬುಚಾರ್. ಮಾರ್ಚ್ 3ರಂದು 14 ರಾಜ್ಯಗಳಲ್ಲಿ ಹತ್ತು ಬೈಡನ್ ಪಾಲು. ಗಡಿಯಾರವನ್ನು ಅಂಚೆಯಲ್ಲಿ ಕಳಿಸಿದೆ.

ಆಮೇಲೆ ಹಳೆಯದನ್ನೆಲ್ಲ ಕೆದಕಿದೆ. ರಿಪಬ್ಲಿಕನ್ನರಲ್ಲಿ ಅಯೋವಾ ಗೆದ್ದ ಹಕಬಿ (2008), ಸ್ಯಾಂಟೋರಮ್ (2012), ಕ್ರೂಜ್ (2016) ಮೂವರಿಗೂ ಟಿಕೆಟ್ ಸಿಗಲಿಲ್ಲ. ಇಲ್ಲಿ ಆ ಪಕ್ಷದ ಕಾಕಸ್‌ಗೆ ಬರುವವರಲ್ಲಿ ಚರ್ಚಿನ ಕಟ್ಟಾ ಭಕ್ತರೇ ಹೆಚ್ಚು, ಅದೂ ಒಂದು ಹೋಬಳಿಯೇ. 2012ರಲ್ಲಂತೂ ರಾಮ್ನಿ ಎಂಟು ಮತಗಳಿಂದ ಗೆದ್ದರೆಂದು ಮೊದಲು ಸಾರಿ, ಎರಡು ವಾರದ ಬಳಿಕ ಇಲ್ಲ, ಸ್ಯಾಂಟೋರಮ್ 34 ಮತ ಮುಂದಿದ್ದಾರೆ ಎಂದರು. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆಯೇ ವಾಸಿ.

ಇಷ್ಟೆಲ್ಲ ಕಲಿತ ಮೇಲೆ 2024ರಲ್ಲಿ ಸುಲಭದ ಬಾಜಿ ಕಟ್ಟಿದೆ: ಟ್ರಂಪ್ ಮತ್ತು ಬೈಡನ್, ಒಬ್ಬೊಬ್ಬರಿಗೆ ಒಂದೊಂದು ಕಿಲೋ. ಜನವರಿ 15ರ ಕೊರೆಯುವ ಚಳಿಯಲ್ಲಿ ಅಯೋವಾದ ರಿಪಬ್ಲಿಕನ್ ಕಾಕಸ್‌ನಲ್ಲಿ ಟ್ರಂಪ್‌ಗೆ ಶೇ 51 ಬಿತ್ತು. ಎಷ್ಟೋ ಕಡೆ ಜನ ಇನ್ನೂ ಚೀಟಿ ಹಾಕುತ್ತಿರುವಾಗಲೇ ಸುದ್ದಿಸಂಸ್ಥೆಗಳು ಗೆಲುವು ಸಾರಿಬಿಟ್ಟವು. ಡೆಮಾಕ್ರಟರು ನಮ್ಮ ಅಯೋವಾದ ಮೊದಲ ಸ್ಥಾನವನ್ನೇ ಕಿತ್ತು ದಕ್ಷಿಣ ಕೆರೊಲಿನಾಕ್ಕೆ ಕೊಟ್ಟಿದ್ದರು, ಅಲ್ಲಿ ಬೈಡನ್‌ಗೆ ಹೇಳಿಕೊಳ್ಳುವಂಥ ಎದುರಾಳಿ ಇರಲಿಲ್ಲ. ಮಾರ್ಚ್ 12ರಂದು ಇಬ್ಬರಿಗೂ ಬೇಕಾದಷ್ಟು ಪ್ರತಿನಿಧಿಗಳು ಸಿಕ್ಕರು. ಭಾವ ಮಾತ್ರ ಗೊಣಗಿದರು: "ಬಿ ಫಾರಂ ಕೈಗೆ ಬರುವ ತನಕ ಟಿಕೆಟ್ ಸಿಕ್ಕಿತು ಎನ್ನಬೇಡ." ಇಲ್ಲಿ ಹೈಕಮಾಂಡ್ ಇಲ್ಲ ಭಾವ, ಟಿಕೆಟ್ ಕೊಡುವುದು ಜನ ಎಂದು ದೊಡ್ಡ ಭಾಷಣ ಮಾಡಿದೆ. ಮೇ ತಿಂಗಳಲ್ಲಿ ಪರಿಚಯದವರ ಸೂಟ್‌ಕೇಸಿನಲ್ಲಿ ಎರಡು ಕಿಲೋ ಪುಡಿ ಬಂತು.

ಜುಲೈ 21, ಭಾನುವಾರ. ಮಧ್ಯಾಹ್ನ ಬೈಡನ್ ಹಿಂದೆ ಸರಿದರು. ಊರಿನಲ್ಲಿ ಬೆಳಗಾದ ಕೂಡಲೇ ಫೋನ್ ಬಂತು.

"ಪುಡಿ ಎಷ್ಟು ಉಳಿದಿದೆ?"

"ಅರ್ಧ ಕಿಲೋ, ಭಾವ."

"ಟ್ರಂಪ್ ಕಿಲೋ ನಿನ್ನದೇ. ಬೈಡನ್ ಕಿಲೋದಲ್ಲಿ ಅರ್ಧ ಕುಡಿದುಬಿಟ್ಟಿದ್ದೀಯಾ," ಎಂದರು. ಆ ಕಡೆ ಅಂಗಡಿಯ ಸಾಲದ ಪುಸ್ತಕದ ಹಾಳೆ ತಿರುವುವ ಸದ್ದು ಕೇಳಿಸಿತು.