ಗೇರ್‌ಬಾಕ್ಸ್ ಇಳಿಸೋ ಮುಂಚೆ ಇಷ್ಟು ನೋಡ್ರಿ

ಗೋವಾದ ಡಿಚೋಲಿ, ಸಾಖಳಿ ಗಣಿಗಳಲ್ಲಿ ಡೋಜರ್ ನಡೆಸುವ, ರಿಪೇರಿ ಮಾಡುವ ನಮ್ಮ ಕಡೆಯ ಹುಡುಗರಿಗಾಗಿ ಇದು. ಇಂಜಿನ್ ಗುಡುಗುತ್ತದೆ, ಚೈನ್ (ಟ್ರ್ಯಾಕ್) ಮಾತ್ರ ತಿರುಗುವುದಿಲ್ಲ. ಕೂಡಲೇ ‘ಗೇರ್‌ಬಾಕ್ಸ್ ಹೋತು’ ಅನ್ನುವುದು ರೂಢಿ. ಹೋಗಿರಬಹುದು. ಆದರೆ ಸ್ಪ್ಯಾನರ್ ಹಿಡಿಯುವ ಮುಂಚೆ ಎರಡು ಪ್ರಶ್ನೆ: ಯಾವ ಗೇರಿನಲ್ಲಿ ನಿಲ್ಲುತ್ತದೆ? ಯಾವ ಬದಿ ನಿಲ್ಲುತ್ತದೆ?

ಟಾರ್ಕ್ ಕನ್ವರ್ಟರ್ (ಇಂಜಿನ್ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ), ಪವರ್‌ಶಿಫ್ಟ್ ಗೇರ್‌ಬಾಕ್ಸ್ (ಆಯಿಲ್ ಒತ್ತಡದಿಂದ ಕ್ಲಚ್ ಹಿಡಿದು ಗೇರ್ ಬದಲಿಸುವಂಥದ್ದು) ಇರುವ ಯಂತ್ರದಲ್ಲಿ ದಿಕ್ಕಿಗೊಂದು ಕ್ಲಚ್, ವೇಗಕ್ಕೊಂದು ಕ್ಲಚ್. ರಿವರ್ಸ್ ಚೆನ್ನಾಗಿದ್ದು ಫಾರ್ವರ್ಡ್‌ನ ಮೂರೂ ಗೇರು ಜಾರಿದರೆ (ಇಂಜಿನ್ ತಿರುಗಿಯೂ ಎಳೆತ ಬರದಿದ್ದರೆ) ದೋಷ ಫಾರ್ವರ್ಡ್ ಕ್ಲಚ್‌ನದು. ಹಿಂದೆ ಮುಂದೆ ಎರಡೂ ಕಡೆ ಸೆಕೆಂಡ್ ಒಂದೇ ಜಾರಿದರೆ ಸೆಕೆಂಡ್ ಕ್ಲಚ್. ಯಾವುದರಲ್ಲೂ ಜಗ್ಗದಿದ್ದರೆ ಎಲ್ಲ ಕ್ಲಚ್‌ಗಳೂ ಒಂದೇ ದಿನ ಸಾಯುವುದಿಲ್ಲ: ಆಯಿಲ್ ಮಟ್ಟ, ಸ್ಟ್ರೇನರ್ (ಆಯಿಲ್ ಸೋಸುವ ಜಾಲರಿ), ಪಂಪ್, ರಿಲೀಫ್ ವಾಲ್ವ್ (ಒತ್ತಡಕ್ಕೆ ಮಿತಿ ಹಾಕುವ ವಾಲ್ವ್) ನೋಡಿ. ಆಯಿಲ್ ನೊರೆಯಾಗಿದ್ದರೆ ಪಂಪಿನ ಸಕ್ಷನ್ (ಆಯಿಲ್ ಎಳೆದುಕೊಳ್ಳುವ) ಬದಿಯ ಓ-ರಿಂಗ್ ಗಾಳಿ ಎಳೆಯುತ್ತಿರಬಹುದು. ಬೆಳಿಗ್ಗೆ ಸರಿ, ಬಿಸಿಯಾದ ಮೇಲೆ ಜಾರುತ್ತದೆ ಎಂದರೆ ಸವೆದ ಪಂಪ್ ಅಥವಾ ಒಳಗಿನ ಸೀಲ್ ಸೋರಿಕೆ. ಪ್ರೆಶರ್ ಗೇಜ್ ಹಾಕದೆ ಇಲ್ಲಿ ಊಹೆ ಮಾಡಬೇಡಿ.

ಗೇರ್‌ಬಾಕ್ಸಿನ ಆಯಿಲ್ ಫಿಲ್ಟರ್ ಕತ್ತರಿಸಿ ಮಡಿಕೆ ಬಿಡಿಸಿ. ಅಯಸ್ಕಾಂತಕ್ಕೆ ಅಂಟುವ ಚೂರು ಗೇರ್ ಇಲ್ಲವೇ ಬೇರಿಂಗಿನದು. ಅಂಟದ ಬೆಳ್ಳಿ ಚೂರು ಅಲ್ಯೂಮಿನಿಯಂ, ಹೆಚ್ಚಾಗಿ ಕನ್ವರ್ಟರಿನದು. ಹಿತ್ತಾಳೆ ಬಣ್ಣದ್ದು ಕ್ಲಚ್ ಪ್ಲೇಟಿನದು. ಆಯಿಲ್ ಹಾಲಿನಂತಿದ್ದರೆ ನೀರು ಸೇರಿದೆ, ಗೋವಾದ ಮಳೆಯಲ್ಲಿ ಅದೇನೂ ಅಪರೂಪವಲ್ಲ.

ಸ್ಟಾಲ್ ಟೆಸ್ಟ್ (ಯಂತ್ರವನ್ನು ಬ್ರೇಕಿನಲ್ಲಿ ಹಿಡಿದು ಇಂಜಿನ್ ಎಷ್ಟು ವೇಗ ತಿರುಗುತ್ತದೆ ಎಂದು ನೋಡುವುದು): ಆಯಿಲ್ ಬಿಸಿ ಇರಲಿ, ಬ್ಲೇಡ್ ನೆಲಕ್ಕೆ, ಎರಡೂ ಬ್ರೇಕ್ ಒತ್ತಿ, ಮುಂದೆ ಯಾರೂ ಇರಬಾರದು. ಟಾಪ್ ಗೇರ್, ಪೂರ್ತಿ ಥ್ರಾಟಲ್, 20 ಸೆಕೆಂಡ್ ಮೀರಬೇಡಿ. ನಂತರ ನ್ಯೂಟ್ರಲ್‌ನಲ್ಲಿ ತಣಿಯಲು ಬಿಡಿ. ಆರ್‌ಪಿಎಂ ಮ್ಯಾನ್ಯುಯಲ್‌ನಲ್ಲಿ ಹೇಳಿದ್ದಕ್ಕಿಂತ ಹೆಚ್ಚಾದರೆ ಹೆಚ್ಚಾಗಿ ಕ್ಲಚ್ ಜಾರುತ್ತಿರುತ್ತದೆ. ಕಡಿಮೆ ಇದ್ದರೆ ಗೇರ್‌ಬಾಕ್ಸನ್ನು ಬಯ್ಯಬೇಡಿ, ಹೆಚ್ಚಾಗಿ ಇಂಜಿನ್ನೇ ಸೋತಿರುತ್ತದೆ. ಕನ್ವರ್ಟರಿನ ಸ್ಟೇಟರ್ (ಒಳಗೆ ಆಯಿಲ್ ಹರಿವನ್ನು ತಿರುಗಿಸುವ ಚಕ್ರ) ಹೋಗಿದ್ದರೂ ಹೀಗಾದೀತು.

ಯಂತ್ರ ಒಂದು ಬದಿಗೆ ಎಳೆದರೆ ಮೊದಲು ಚೈನ್ ನೋಡಿ. ಮಳೆಗಾಲದ ಕೆಂಪು ಮಣ್ಣು ಸ್ಪ್ರಾಕೆಟ್ (ಚೈನ್ ತಿರುಗಿಸುವ ಹಲ್ಲಿನ ಚಕ್ರ) ಹಲ್ಲಿನಲ್ಲಿ ಗಟ್ಟಿಯಾಗಿ ತುಂಬಿ ಚೈನನ್ನು ಬಿಗಿಯುತ್ತದೆ. ಚೈನ್ ಸರಿ ಇದ್ದರೆ ಸ್ಟೀರಿಂಗ್ ಕ್ಲಚ್ (ತಿರುಗಿಸಲು ಆ ಬದಿಯ ಚೈನಿಗೆ ಬಲ ಕೊಡುವ, ಬಿಡಿಸುವ ಕ್ಲಚ್) ನೋಡಿ. ಹಳೇ ಮಾದರಿಗಳಲ್ಲಿ ಸ್ಪ್ರಿಂಗ್ ಕ್ಲಚ್ಚನ್ನು ಹಿಡಿದಿಡುತ್ತದೆ, ಆಯಿಲ್ ಒತ್ತಡ ಬಿಡಿಸುತ್ತದೆ. ಹಾಗಾಗಿ ಅಲ್ಲಿ ಒತ್ತಡ ಕಡಿಮೆಯಾದರೆ ಕ್ಲಚ್ ಜಾರುವುದಿಲ್ಲ, ಬದಲಿಗೆ ಹಿಡಿದದ್ದನ್ನು ಬಿಡುವುದೇ ಇಲ್ಲ. ಜಾರಿದರೆ ಪ್ಲೇಟ್ ಸವೆದಿದೆ, ಇಲ್ಲವೇ ಲಿವರ್ ಲಿಂಕೇಜ್ (ಲಿವರಿನಿಂದ ಕ್ಲಚ್‌ಗೆ ಹೋಗುವ ಜೋಡಣೆ) ಅರ್ಧ ಎಳೆದುಕೊಂಡೇ ನಿಂತಿದೆ. ಲಿಂಕೇಜ್ ಹೊಂದಿಸಲು ಅರ್ಧ ಗಂಟೆ ಸಾಕು, ಪ್ಲೇಟಿಗೆ ಹಾಗಲ್ಲ. ಅದಕ್ಕೇ ಲಿಂಕೇಜ್ ಮೊದಲು.

ಕ್ಲಚ್ ಹಿಡಿದಿದೆ, ಆದರೂ ಒಂದು ಸ್ಪ್ರಾಕೆಟ್ ಸತ್ತಂತೆ ನಿಂತಿದೆ ಎಂದರೆ ಫೈನಲ್ ಡ್ರೈವ್ (ಸ್ಪ್ರಾಕೆಟ್ ತಿರುಗಿಸುವ ಕೊನೆಯ ಗೇರ್ ಪೆಟ್ಟಿಗೆ) ನೋಡಿ. ಅದರ ಡ್ರೇನ್ ಪ್ಲಗ್ ಬಿಚ್ಚಿ. ನುಣ್ಣನೆಯ ಬೂದು ಪೇಸ್ಟ್ ಇದ್ದರೆ ಚಿಂತೆ ಇಲ್ಲ, ಹಲ್ಲಿನ ಚೂರು ಸಿಕ್ಕರೆ ಬಿಚ್ಚಲೇಬೇಕು. ಆಯಿಲ್ ಬದಲು ಕೆಸರು ಬಂದರೆ ಫ್ಲೋಟಿಂಗ್ ಸೀಲ್ (ಆಯಿಲ್ ಒಳಗೆ, ಮಣ್ಣು ಹೊರಗೆ ಇಡುವ ಸೀಲ್) ಹೋಗಿ ಬಹಳ ದಿನವಾಗಿದೆ.

ಹೊಸ ಕ್ಲಚ್ ಹಾಕುವಾಗ ಆಯಿಲ್ ಕೂಲರ್, ಹೋಸುಗಳನ್ನು ತೊಳೆಯದೆ ಬಿಟ್ಟರೆ ಅಲ್ಲಿ ಉಳಿದ ಹಳೇ ಚೂರೇ ಹೊಸ ಪ್ಲೇಟನ್ನು ತಿನ್ನುತ್ತದೆ.